ಹಾಡುವವರ ವೀಳ್ಯವೂ ಕಾಗದದ ಮೇಲಿರಲಿ: ಜಾತ್ರಾ ಕಮಿಟಿಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರಾ ಕಮಿಟಿಗಳ ಅಧ್ಯಕ್ಷರು, ಖಜಾಂಚಿಗಳು ಹಾಗೂ ಊರ ದೈವದ (ಊರ ಪಂಚರ) ಎಲ್ಲ ಹಿರಿಯರಿಗೆ,

ಶರಣು ಶರಣಾರ್ಥಿ.

ನಾನು ಜಮಖಂಡಿ ತಾಲ್ಲೂಕಿನ ಒಬ್ಬ ಪೇಟಿ (ಹಾರ್ಮೋನಿಯಂ) ಮಾಸ್ತರ. ಭಜನಾ ಪದ, ತತ್ವಪದ ಹಾಡುತ್ತೇನೆ. ನಾನೇ ಬರೆದು ರಾಗ ಹಾಕಿದ ಪದಗಳೂ ಇವೆ. ಯಾವ ಆಡಿಯೊ ಕಂಪನಿಯ ಕೈಕೆಳಗೂ ಇಲ್ಲ, ಸರಕಾರಿ ಪಗಾರವೂ ಇಲ್ಲ. ಹಾಡಿನಿಂದಲೇ ಸಂಸಾರ ನಡೆಯಬೇಕು ಎಂದು ಹಟ ಹಿಡಿದವರಲ್ಲಿ ಒಬ್ಬ. ನನ್ನಂಥವರು ಈ ಮೂರು ಜಿಲ್ಲೆಗಳಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ: ಗೀಗೀ ಮೇಳದವರು, ಡೊಳ್ಳಿನ ಪದದವರು, ಚೌಡಿಕೆ ಹಿಡಿದವರು, ಮನೆಯ ಅಟ್ಟದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಜಾನಪದ ಸಾಂಗ್ ಮಾಡುವ ಹೊಸ ಹುಡುಗರು.

ಈ ಪತ್ರವನ್ನು ಸರಕಾರಕ್ಕೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಲಾಖೆಯ ಕಾರ್ಯಕ್ರಮ ನಮ್ಮಂಥವರಿಗೆ ಸಿಕ್ಕರೆ ವರ್ಷಕ್ಕೆ ಒಂದೋ ಎರಡೋ. ಸಂಕ್ರಾಂತಿ ಮುಗಿದ ಮೇಲೆ ಮಿರಗದ ಮಳೆ ಬೀಳುವ ತನಕ, ಮತ್ತೆ ಶ್ರಾವಣದಲ್ಲಿ, ನಮಗೆ ಕೆಲಸ ಕೊಡುವವರು ನೀವು. ನಮ್ಮ ಭಾಗದಲ್ಲಿ ಹಾಡಿಗೆ ಇರುವ ದೊಡ್ಡ ಯಜಮಾನಿಕೆ ಇವತ್ತಿಗೂ ಊರ ದೈವದ್ದೇ. ಆದ್ದರಿಂದ ಕೇಳುವುದನ್ನೂ ನಿಮ್ಮನ್ನೇ ಕೇಳಬೇಕು.

ನಿಮ್ಮಲ್ಲಿ ಬಹಳ ಮಂದಿಗೆ ಒಂದು ನಂಬಿಕೆ ಇದೆ. ಈಗ ಹಾಡುವವರಿಗೆಲ್ಲ ಮೊಬೈಲಿನಿಂದ ರೊಕ್ಕ ಬರುತ್ತದೆ, ಜಾತ್ರೆಯ ವೀಳ್ಯ, ಅಂದರೆ ಎಲೆ ಅಡಿಕೆ ಕೊಟ್ಟು ಗೊತ್ತುಮಾಡುವ ಸಂಭಾವನೆ, ಅವರಿಗೆ ಮೇಲಿನ ಗಳಿಕೆ ಎಂದು. ಮಾತುಕತೆಗೆ ಕೂತಾಗ "ನಿಮ್ಮ ಪದಕ್ಕ ಅಷ್ಟೊಂದು ವೀವ್ಸ್ ಬಂದಾವಲ್ರೀ ಮಾಸ್ತರ, ನಿಮಗೇನ ಕಡಿಮಿ?" ಎಂಬ ಮಾತು ಬಂದೇ ಬರುತ್ತದೆ. ಆ ಲೆಕ್ಕ ಹೇಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಒಂದು ಸಲ ಕೇಳಿದರೆ ಇಷ್ಟು ಎಂಬ ಕಟ್ಟಿಟ್ಟ ದರ ಇಲ್ಲ. ಚಂದಾದ ಹಣ, ಜಾಹೀರಾತಿನ ಹಣ ಒಂದು ಕಡೆ ಕೂಡಿ, ಒಟ್ಟು ಕೇಳಿದ್ದರಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುತ್ತದೆ. ದೇಶದ ಸಿನಿಮಾ ಹಾಡುಗಳೆಲ್ಲ ಇರುವ ಆ ರಾಶಿಯಲ್ಲಿ ಒಂದು ತತ್ವಪದದ ಪಾಲು ಎಷ್ಟಿರಬಹುದು ಎಂದು ನೀವೇ ಊಹಿಸಿ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಒಂದು ಹಾಡನ್ನು ಕನಿಷ್ಠ 1,000 ಸಲ ಯಾರಾದರೂ ಕೇಳಿರದಿದ್ದರೆ ಆ ಹಾಡಿನ ಧ್ವನಿಮುದ್ರಣಕ್ಕೆ ಹಂಚಿಕೆಯಲ್ಲಿ ಪಾಲೇ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ ಸ್ವಂತ ಚಾನೆಲ್ಲಿಗೆ 1,000 ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ ಶಾರ್ಟ್ಸ್‌ಗೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ ಬಂದಿರಬೇಕು. ಇದನ್ನೆಲ್ಲ ದಾಟಿದವರೂ ನಮ್ಮಲ್ಲಿದ್ದಾರೆ, ಅವರ ಬಗ್ಗೆ ನನಗೆ ಅಭಿಮಾನವೇ ಇದೆ. ಉಳಿದ ಬಹುಪಾಲು ಮಂದಿಗೆ ಅಲ್ಲಿಂದ ಬರುವುದು ಮೊಬೈಲಿನ ರೀಚಾರ್ಜಿಗೆ ಸಾಕಾದರೆ ಹೆಚ್ಚು.

ಮತ್ತು ನಮ್ಮ ಜನ ನಮ್ಮ ಹಾಡನ್ನು ಎಲ್ಲಿ ಕೇಳುತ್ತಾರೆ? ಕಬ್ಬು ಹೇರಿದ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಮುಂಜಾನೆ ಗುಡಿಯ ಮೈಕಿನಲ್ಲಿ. ಅಲ್ಲಿ ಯಾವ ಆ್ಯಪ್ಪೂ ಎಣಿಸುವುದಿಲ್ಲ. ಕಬ್ಬಿನ ಸೀಸನ್ ಶುರುವಾಗುತ್ತಿದ್ದಂತೆ ಟ್ರ್ಯಾಕ್ಟರ್ ಡ್ರೈವರ್ ಮೊಬೈಲ್ ಅಂಗಡಿಗೆ ಹೋಗಿ ಪೆನ್‌ಡ್ರೈವಿಗೆ ಹಾಡು ತುಂಬಿಸಿಕೊಂಡು ಬರುತ್ತಾನೆ, ಅಂಗಡಿಯವನಿಗೆ ರೊಕ್ಕ ಕೊಟ್ಟೇ ಬರುತ್ತಾನೆ. ಇದನ್ನು ಯಾಕೆ ಹೇಳುತ್ತೇನೆಂದರೆ, ನಮ್ಮ ಮಂದಿ ಹಾಡಿಗೆ ರೊಕ್ಕ ಬಿಚ್ಚುವುದಿಲ್ಲ ಎಂಬ ಮಾತು ಸುಳ್ಳು. ಬಿಚ್ಚುತ್ತಾರೆ. ಅದು ಹಾಡಿದವನ ಕೈಗೆ ಬರುವ ದಾರಿ ಇಲ್ಲ, ಅಷ್ಟೇ.

ಬಾದಾಮಿಯ ಬನಶಂಕರಿ ಜಾತ್ರೆ ನೋಡಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ಟೆಂಟುಗಳು ಅಲ್ಲೇ ಇರುತ್ತವೆ, ಜನ ಟಿಕೆಟ್ ತೆಗೆದು ನೋಡುತ್ತಾರೆ. ಹೊಲದಲ್ಲಿ ದುಡಿದವರು, ನೇಕಾರರು, ಹಮಾಲರು, ಎಲ್ಲರೂ ಸರತಿಯಲ್ಲಿ ನಿಲ್ಲುತ್ತಾರೆ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿದ್ದು ಇದೇ ಜನರ ಟಿಕೆಟ್ಟಿನ ಬಲದ ಮೇಲೆ. 2017ರಲ್ಲಿ ಅವರು ತೀರಿಕೊಂಡಾಗ ನೂರು ದಾಟಿತ್ತು ವಯಸ್ಸು, ಆ ಜೀವಮಾನವೆಲ್ಲ ರಂಗದ ಮೇಲೆ ಸವೆದದ್ದು. ಕುಲಗೋಡ ತಮ್ಮಣ್ಣನವರ ಕೈಯಲ್ಲಿ ಬೆಳೆದ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಉಳಿಸಿದ್ದೂ ಬಯಲಿನಲ್ಲಿ ಕೂತು ಆಯೇರಿ (ಮೆಚ್ಚುಗೆಯ ಕಾಣಿಕೆ) ಮಾಡಿದ ಮಂದಿಯೇ. ಕೊಡುವ ಕೈ ನಮ್ಮ ಸೀಮೆಯಲ್ಲಿ ಯಾವತ್ತೂ ಸಣ್ಣದಾಗಿರಲಿಲ್ಲ.

ಹಾಗಿದ್ದರೂ ಹಾಡುವವನು ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ ಎಂಬುದನ್ನು ನಾನು ಕಂಡಂತೆ ಹೇಳುತ್ತೇನೆ. ಕೃಷ್ಣಾ ತೀರದ ಒಂದು ಊರು. ಹೆಸರು ಬೇಡ, ಇದು ಆ ಒಂದೂರಿನ ಮೇಲಿನ ದೂರಲ್ಲ. ಮಾತಾದದ್ದು 18,000 ರೂಪಾಯಿಗೆ. ಎಲೆ ಅಡಿಕೆ ಕೊಟ್ಟರು, ಬಾಯಿಮಾತು ಮುಗಿಯಿತು. ರಾತ್ರಿ 9ಕ್ಕೆ ಪದ ಶುರು ಎಂದಿದ್ದರಿಂದ ನಮ್ಮ ಮೇಳದ ಆರು ಮಂದಿ ಸಂಜೆಯೇ ಹೋಗಿ ಕೂತೆವು. 9ಕ್ಕೆ ಸನ್ಮಾನ ಶುರುವಾಯಿತು. ಪೆಂಡಾಲಿಗೆ ದೇಣಿಗೆ ಕೊಟ್ಟವರು, ಹುಗ್ಗಿಗೆ ಗೋದಿ ಕೊಟ್ಟವರು, ಪಂಚಾಯಿತಿ ಸದಸ್ಯರು, ಮಾಜಿ ಸದಸ್ಯರು, ಒಬ್ಬೊಬ್ಬರಿಗೂ ಶಾಲು, ಹಾರ, ಫೋಟೊ. ಆಮೇಲೆ ಹೊರಗಿನಿಂದ ಕರೆಸಿದ ಆರ್ಕೆಸ್ಟ್ರಾ. ಅವರ ಪಾಳಿ ಮುಗಿದಾಗ ರಾತ್ರಿ ಒಂದೂವರೆ.

ಅಷ್ಟರಲ್ಲಿ ಮೈಕ್ ಸೆಟ್ಟಿನವನು ಒಳ್ಳೆಯ ಮೈಕುಗಳನ್ನೂ ನಮ್ಮ ದನಿ ನಮಗೆ ಕೇಳಿಸುವ ಸ್ಪೀಕರುಗಳನ್ನೂ ಬಿಚ್ಚಿ ಗಾಡಿಗೆ ಹೇರತೊಡಗಿದ್ದ. ಪೇಟಿ, ತಬಲಾ, ದಮ್ಮಡಿ, ಹಾಡುವ ಮೂವರು, ಇಷ್ಟಕ್ಕೂ ಸೇರಿ ಎರಡು ಮೈಕು ಉಳಿಸಿದ. ತಾಳ ಹಾಕುತ್ತಿದ್ದ ಹಿಮ್ಮೇಳದ ಹುಡುಗ ತನ್ನ ದನಿ ಹೊರಗೆ ಕೇಳಲೆಂದು ಪ್ರತಿ ಪಲ್ಲವಿಗೂ ಮೊಣಕಾಲೂರಿ ನನ್ನ ಮೈಕಿನ ಕಡೆ ಬಾಗುತ್ತಿದ್ದ, ಪಲ್ಲವಿ ಮುಗಿದೊಡನೆ ಹಿಂದೆ ಸರಿಯುತ್ತಿದ್ದ. ಬೆಳತನಕ ಹಾಗೇ ಮಾಡಿದ. ಎದುರಿಗೆ ಕಂಬಳಿ ಹೊದ್ದು ಕೂತ ತಾಯಂದಿರು, ಮುದುಕರು ಎದ್ದು ಹೋಗಲಿಲ್ಲ. ಇಂಥ ಪದ ಬೇಕು, ಅಂಥ ಪದ ಬೇಕು ಎಂದು ಚೀಟಿ ಕಳಿಸುತ್ತಲೇ ಇದ್ದರು. ಆ ಕೇಳುಗರ ಬಗ್ಗೆ ನನಗೆ ಒಂದು ದೂರೂ ಇಲ್ಲ.

ಮುಂಜಾನೆ ಖಜಾಂಚಿಯವರನ್ನು ಹುಡುಕಿ, ಅವರು ಎದ್ದು ಬರುವ ತನಕ ಗುಡಿಯ ಕಟ್ಟೆಯ ಮೇಲೆ ಕಾದೆವು. "ಪಟ್ಟಿ ಇನ್ನಾ ಪೂರಾ ಬಂದಿಲ್ರೀ ಮಾಸ್ತರ, ಸದ್ಯಕ್ಕ ಇಷ್ಟ ಇಟಗೋರಿ" ಎಂದು ಕೊಟ್ಟದ್ದು 13,000. ಪಟ್ಟಿ ಎಂದರೆ ಜಾತ್ರೆಗೆ ಊರವರಿಂದ ಎತ್ತುವ ವಂತಿಗೆ. ಕ್ರೂಸರ್ ಗಾಡಿಗೆ 4,000 ಹೋಯಿತು. ಉಳಿದ 9,000 ಆರು ಮಂದಿಗೆ ಹಂಚಿದರೆ ತಲೆಗೆ 1,500. ನಮ್ಮ ತಬಲಾ ಸಾಥಿದಾರ ಬನಹಟ್ಟಿಯಲ್ಲಿ ಮಗ್ಗ ನಡೆಸುವವನು. ಹಿಂದಿನ ದಿನ ಅರ್ಧ ಪಾಳಿ ಬಿಟ್ಟು ಬಂದಿದ್ದ, ನಿದ್ದೆಗೆಟ್ಟು ಮರುದಿನವೂ ಕೆಲಸಕ್ಕೆ ಹೋಗಲಾಗಲಿಲ್ಲ. ಅವನ ಪಾಲಿಗೆ ಆ ರಾತ್ರಿ ಹಾಡಿದ್ದರಿಂದ ಉಳಿದದ್ದೇನು? ಬಾಕಿ 5,000 ಇನ್ನೂ ಬಂದಿಲ್ಲ.

ಇದು ಅರ್ಧ ಕಥೆ. ಆ ರಾತ್ರಿ ರಂಗದ ಎರಡೂ ಬದಿಗೆ ಕ್ಯಾಮೆರಾ ನಿಂತಿದ್ದವು. ಒಂದು ಯೂಟ್ಯೂಬ್ ಚಾನೆಲ್‌ನವರು ಜಾತ್ರೆಯನ್ನು ಪುಕ್ಕಟೆ ಲೈವ್ ಮಾಡಿಕೊಡುತ್ತೇವೆ ಎಂದು ಕಮಿಟಿಗೆ ಹೇಳಿ ಬಂದಿದ್ದರು. ವಾರದೊಳಗೆ ನಮ್ಮ ಪದಗಳನ್ನು ತುಂಡು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ತಲೆಬರಹ ಕೊಟ್ಟು ಹಾಕಿದರು. ನಡುನಡುವೆ ಜಾಹೀರಾತು. ಊರ ಹೆಸರಿದೆ, ದೇವರ ಹೆಸರಿದೆ, ಚಾನೆಲ್ಲಿನ ಹೆಸರು ದೊಡ್ಡದಾಗಿದೆ. ಹಾಡಿದವರ ಹೆಸರಿಲ್ಲ, ಪದ ಬರೆದವರ ಹೆಸರಿಲ್ಲ, ನಮ್ಮ ಫೋನ್ ನಂಬರಿಲ್ಲ. ಫೋನ್ ಮಾಡಿ ಕೇಳಿದಾಗ "ಕಮಿಟಿಯವರ ಪರ್ಮಿಷನ್ ಐತ್ರೀ, ಅವರನ್ನ ಕೇಳ್ರಿ" ಎಂದರು. ಕಮಿಟಿಯವರನ್ನು ಕೇಳಿದರೆ "ನಿಮಗ ಪಬ್ಲಿಸಿಟಿ ಆತಲ್ರೀ" ಎಂದರು.

ಹಿರಿಯರೇ, ಆ ಪರ್ಮಿಷನ್ ಕೊಡುವ ಅಧಿಕಾರ ಕಮಿಟಿಗೆ ಇಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ನಿಮ್ಮೂರಿನ ವಕೀಲರನ್ನೇ ಕೇಳಿ ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂದು ಒಂದಿದೆ. ಪ್ರದರ್ಶಕ ಎಂದರೆ ಯಾರು ಎಂಬುದನ್ನೂ ಕಾಯ್ದೆ ಬಿಡಿಸಿ ಹೇಳಿದೆ: ನಟ, ಹಾಡುಗಾರ, ವಾದ್ಯಗಾರ, ಕುಣಿಯುವವ, ಕಸರತ್ತು ಮಾಡುವವ, ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವ. ನಮ್ಮ ಜಾತ್ರೆಯನ್ನು ನೋಡಿಯೇ ಬರೆದರೇನೋ ಎನ್ನುವಂತಿದೆ ಆ ಪಟ್ಟಿ. 2012ರ ತಿದ್ದುಪಡಿಯಲ್ಲಿ ಈ ಹಕ್ಕು ಇನ್ನಷ್ಟು ಗಟ್ಟಿಯಾಯಿತು. ಪ್ರದರ್ಶಕನ ಪ್ರದರ್ಶನವನ್ನು ರೆಕಾರ್ಡ್ ಮಾಡುವುದು, ಪ್ರತಿ ಮಾಡುವುದು, ಮಾರುವುದು, ಜನಕ್ಕೆ ತಲುಪಿಸುವುದು ಇವೆಲ್ಲಕ್ಕೂ ಅವನ ಒಪ್ಪಿಗೆ ಬೇಕು, ಮತ್ತು ಆ ಹಕ್ಕು 50 ವರ್ಷ ಇರುತ್ತದೆ. ಇದು ನನ್ನ ಪ್ರದರ್ಶನ ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕೂ ಪ್ರತ್ಯೇಕವಾಗಿ ಇದೆ.

"ದೇವರ ಕಾರ್ಯಕ್ಕ ಕಾಪಿರೈಟ್ ಇಲ್ಲ" ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಧಾರ್ಮಿಕ ಸಮಾರಂಭ ನಡೆಯುತ್ತಿರುವಾಗ ಅಲ್ಲಿ ಹಾಡು ಹಾಡಿದರೆ, ಹಾಡು ಹಾಕಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ, ಮದುವೆಯ ಮೆರವಣಿಗೆಗೂ ಕೊಟ್ಟಿದೆ. ಅದು ಸರಿಯಾದದ್ದೇ. ಗುಡಿಯಲ್ಲಿ ಯಾರದೋ ಪದ ಹಾಡಿದ್ದಕ್ಕೆ ಲೈಸೆನ್ಸ್ ಕೇಳುವಂತಾಗಬಾರದು. ಆದರೆ ಆ ವಿನಾಯಿತಿ ತೇರಿನ ಮುಂದೆ ಹಾಡುವುದಕ್ಕೆ ಇರುವುದು. ತೇರು ಎಳೆದ ಮೇಲೆ ಅದರ ವಿಡಿಯೊ ಮಾಡಿ, ಜಾಹೀರಾತು ಹಚ್ಚಿ, ವರ್ಷಗಟ್ಟಲೆ ಗಳಿಸುವುದಕ್ಕೆ ಇರುವುದಲ್ಲ. ಮತ್ತು ಜಾತ್ರೆಯ ಹಾಡಿಗೆ ಲೈಸೆನ್ಸ್ ಹಣ ಬರುವುದಿಲ್ಲವಾದ್ದರಿಂದಲೇ ಹಾಡುವವನಿಗೆ ವೀಳ್ಯವೇ ಮುಖ್ಯ ದುಡಿಮೆಯಾಗುತ್ತದೆ.

ಇನ್ನು "ದೇವರ ಸೇವಾಕ್ಕ ರೊಕ್ಕ ಕೇಳ್ತೀರೇನ್ರೀ?" ಎಂಬ ಮಾತು. ಇದು ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಮಾತು. ನಮ್ಮೂರ ಗುಡಿಯಲ್ಲಿ ಸೋಮವಾರದ ಭಜನೆಗೆ, ಅಮಾವಾಸ್ಯೆಯ ಭಜನೆಗೆ ನಾವ್ಯಾರೂ ಒಂದು ರೂಪಾಯಿ ಕೇಳಿದವರಲ್ಲ, ಕೇಳುವವರೂ ಅಲ್ಲ. ಅದು ಸೇವೆ. ಆದರೆ ನಿಮ್ಮ ಜಾತ್ರೆಯಲ್ಲಿ ಪೆಂಡಾಲಿನವನಿಗೆ ಮುಂಗಡ ಕೊಡುತ್ತೀರಿ. ಜನರೇಟರಿನವನು, ಲೈಟಿನವನು, ಮದ್ದು ಹಾರಿಸುವವನು, ಡಿಜೆಯವನು ರೇಟು ಹೇಳಿದಾಗ ಯಾರೂ ಅವರಿಗೆ ದೇವರನ್ನು ನೆನಪಿಸುವುದಿಲ್ಲ. ಹೊರಗಿನ ಆರ್ಕೆಸ್ಟ್ರಾದವರು ಪೂರಾ ರೊಕ್ಕ ಕೈಗೆ ಬರದೆ ವೇದಿಕೆಯನ್ನೇ ಹತ್ತುವುದಿಲ್ಲ, ಅದನ್ನೂ ನೀವು ಒಪ್ಪಿಕೊಂಡಿದ್ದೀರಿ. ಕೊನೆಗೆ ಪಟ್ಟಿಯ ಲೆಕ್ಕದಲ್ಲಿ ಏನಾದರೂ ಕಡಿಮೆ ಬಿದ್ದರೆ ಅದು ಕಡಿತವಾಗುವುದು ನಮ್ಮ ಪಾಲಿನಿಂದ. ನಮ್ಮವನೇ, ನಾಳೆಯೂ ಸಿಗುತ್ತಾನೆ, ಸುಮ್ಮನಿರುತ್ತಾನೆ ಎಂಬ ಧೈರ್ಯ.

ಆದ್ದರಿಂದ ನನ್ನ ಮೊದಲ ವಿನಂತಿ ಇದು. ವೀಳ್ಯ ಕೊಡುವ ಪದ್ಧತಿ ಇರಲಿ, ಅದು ನಮ್ಮ ಹಿರಿಯರ ಮರ್ಯಾದೆ. ಅದರ ಜೊತೆಗೆ ಒಂದು ಕಾಗದವೂ ಇರಲಿ, ಒಂದೇ ಪುಟ ಸಾಕು. ತಾರೀಖು, ಊರು, ಎಷ್ಟು ಮಂದಿಯ ಮೇಳ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ, ಎಷ್ಟು ಮೈಕು, ಒಟ್ಟು ಎಷ್ಟು ಹಣ. ಅರ್ಧ ಮುಂಗಡ ಖಾತೆಗೆ, ಉಳಿದರ್ಧ ವೇದಿಕೆ ಹತ್ತುವ ಮುಂಚೆ. ಮಳೆ ಬಂದೋ ಊರಲ್ಲಿ ಸಾವಾಗಿಯೋ ಕಾರ್ಯಕ್ರಮ ನಿಂತರೆ ಮುಂಗಡ ಮೇಳಕ್ಕೇ ಉಳಿಯುತ್ತದೆ ಎಂಬ ಒಂದು ಸಾಲು. ನಮ್ಮಿಂದ ತಪ್ಪಿದರೆ ನಾವು ವಾಪಸ್ ಕೊಡಬೇಕು ಎಂಬ ಇನ್ನೊಂದು ಸಾಲು. ಎರಡೂ ಕಡೆಯ ಸಹಿ. ಕೆಲವು ಕಮಿಟಿಗಳವರು ಬಿಲ್ಲು, ಜಿಎಸ್‌ಟಿ ಎಂದೆಲ್ಲ ಹೆದರಿ ಕಾಗದಕ್ಕೆ ಹಿಂಜರಿಯುತ್ತಾರೆ. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿಯ ಕಲಾವಿದರ ಒಂದು ಪ್ರದರ್ಶನದ ಸಂಭಾವನೆ 1.5 ಲಕ್ಷ ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ನಮ್ಮ ಯಾವ ಮೇಳದ ವೀಳ್ಯವೂ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಹಾಡುವ ಹೆಣ್ಣುಮಕ್ಕಳ ಅನುಕೂಲದ ವಿಚಾರದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಲವು ಗೀಗೀ ಮೇಳಗಳ ಮುಂದಾಳುಗಳು ಹೆಣ್ಣುಮಕ್ಕಳು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಹರದೇಶಿ-ನಾಗೇಶಿ ವಾದದಲ್ಲಿ ಹೆಣ್ಣಿನ ಕಡೆಯ ನಾಗೇಶಿಯ ಪಟ್ಟು ಹಿಡಿದು ಅವರು ಸವಾಲು ಎಸೆಯುವಾಗ ನೀವೇ ಸಿಳ್ಳೆ ಹಾಕಿ ಆಯೇರಿ ಕೊಡುತ್ತೀರಿ. ಅವರಿಗೆ ಸೀರೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಬಳಸಲು ಶೌಚಾಲಯ, ನಸುಕಿನಲ್ಲಿ ಪದ ಮುಗಿದ ಮೇಲೆ ಬೆಳಕಾಗುವ ತನಕ ಕೂರಲು ಜಾಗ, ಇಷ್ಟನ್ನು ಶಾಲೆಯ ಒಂದು ಕೋಣೆ ತೆರೆಸಿ ಮಾಡಿಕೊಡಬಹುದು. ಎಷ್ಟೋ ಊರುಗಳಲ್ಲಿ ಇದು ಇಲ್ಲದ್ದರಿಂದಲೇ ಒಳ್ಳೆಯ ಹಾಡುಗಾರ್ತಿಯರು ಮದುವೆಯಾದ ಮೇಲೆ ಹಾಡು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ರೆಕಾರ್ಡಿಂಗ್ ಬಗ್ಗೆ ನನ್ನದು ಬೇಡ ಎಂಬ ವಾದವಲ್ಲ. ವಿಡಿಯೊ ಆಗಲಿ, ಊರಿನ ಮಕ್ಕಳು ಪುಣೆ, ಮುಂಬೈ, ಗೋವಾದಲ್ಲಿ ಕೂತು ತಮ್ಮೂರ ಜಾತ್ರೆ ನೋಡಲಿ. ಕ್ಯಾಮೆರಾ ಹಿಡಿಯುವವರು ಮೇಳದವರ ಸಹಿ ಪಡೆದು ಹಿಡಿಯಲಿ. ಆ ವಿಡಿಯೊ ಮೇಳದವರ ಚಾನೆಲ್ಲಿನಲ್ಲಿ ಬರಲಿ, ಇಲ್ಲವೇ ಹಾಕುವವರು ಅದಕ್ಕೆ ಬೇರೆಯಾಗಿ ರೊಕ್ಕ ಕೊಟ್ಟು ಬರೆಸಿಕೊಳ್ಳಲಿ. ಎಲ್ಲಿ ಹಾಕಿದರೂ ಹಾಡಿದವರ ಹೆಸರು, ಪದ ಬರೆದವರ ಹೆಸರು, ಸಂಪರ್ಕದ ನಂಬರು ಇರಲಿ. ಆ ನಂಬರು ನೋಡಿ ಇನ್ನೊಂದೂರಿನವರು ಕರೆದರೆ ಅದು ನಮಗೆ ಸಾವಿರಾರು ವೀವ್ಸ್‌ಗಿಂತ ದೊಡ್ಡದು. ಪದ ಬರೆದವರ ಹೆಸರು ಯಾಕೆ ಬೇಕೆಂದರೆ, ಸ್ವಂತ ಸಾಹಿತ್ಯ, ಸ್ವಂತ ರಾಗ ಇದ್ದವರು ಐಪಿಆರ್‌ಎಸ್ ಎಂಬ ಸಂಸ್ಥೆಯ ಸದಸ್ಯರಾಗಬಹುದು. 1969ರಿಂದ ಇರುವ ಸಂಸ್ಥೆ ಅದು, ರೇಡಿಯೊ, ಟಿವಿ, ಆ್ಯಪ್‌ಗಳಿಂದ ರಾಯಧನ ವಸೂಲು ಮಾಡಿ ಬರೆದವರಿಗೆ, ರಾಗ ಹಾಕಿದವರಿಗೆ ಹಂಚುತ್ತದೆ. ಹೆಸರೇ ಇಲ್ಲದೆ ತಿರುಗುವ ಹಾಡಿಗೆ ಯಾರಿಗೆಂದು ಹಂಚುವುದು? ಹಳೆಯ ಜನಪದ ಹಾಡುಗಳ ಮಾತು ಬೇರೆ. ಅವು ಎಲ್ಲರವು, ಅವುಗಳ ಮೇಲೆ ಯಾರೂ ಒಡೆತನ ಸಾಧಿಸಬಾರದು. ಹೊಸದಾಗಿ ಕಟ್ಟಿದ ಪದಕ್ಕೆ ಕಟ್ಟಿದವನು ಇದ್ದಾನೆ.

ಇದೇ ಮಾತು ನೀವು ಬರೆಸುವ ದೇವರ ಹಾಡುಗಳಿಗೂ ಬರುತ್ತದೆ. "ನಮ್ಮೂರ ದೇವರ ಮ್ಯಾಲೆ ಒಂದ ಪದಾ ಮಾಡಿಕೊಡ್ರಿ ಮಾಸ್ತರ" ಎಂದು ಕರೆದು ಹೇಳುತ್ತೀರಿ. ಸ್ಥಳಪುರಾಣ ಕೇಳಿ ತಿಳಿದು, ಬರೆದು, ರಾಗ ಕೂಡಿಸಿ, ನಮ್ಮದೇ ಖರ್ಚಿನಲ್ಲಿ ಸ್ಟುಡಿಯೊದಲ್ಲಿ ಹಾಡಿ ಕೊಡುತ್ತೇವೆ. ಅದು ದಿನಾ ನಸುಕಿನಲ್ಲಿ ಗುಡಿಯ ಮೈಕಿನಲ್ಲಿ ಬರುತ್ತದೆ, ಊರವರ ಫೋನಿನಲ್ಲಿ ರಿಂಗ್‌ಟೋನ್ ಆಗುತ್ತದೆ, ಜಾತ್ರೆಯ ವಿಡಿಯೊಗಳಿಗೆಲ್ಲ ಹಿನ್ನೆಲೆಯಾಗುತ್ತದೆ. ಕೊಟ್ಟದ್ದು ಒಂದು ಟೆಂಗಿನಕಾಯಿ, ಒಂದು ಶಾಲು. ಇಂಥ ಹಾಡಿಗೆ ಗೌರವದ ಮೊತ್ತ ಗೊತ್ತುಮಾಡಿ, ಸ್ಟುಡಿಯೊ ಖರ್ಚು ಬೇರೆಯಾಗಿ ಕೊಡಿ. ಗುಡಿಯಲ್ಲಿ ಹಾಕಿಕೊಳ್ಳುವ ಹಕ್ಕನ್ನು ನಾವು ಸಂತೋಷದಿಂದ ಬರೆದುಕೊಡುತ್ತೇವೆ. ಬರವಣಿಗೆಯಲ್ಲಿ ಬಿಟ್ಟುಕೊಡದ ತನಕ ಪದ ಕಟ್ಟಿದವನೇ ಅದರ ಒಡೆಯ. ಬಿಟ್ಟುಕೊಟ್ಟ ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಆಡಿಯೊ ಕಂಪನಿಗಳು ಮುಂದೊಡ್ಡುವ ಬಾಂಡ್ ಪೇಪರಿಗೆ ಓದದೆ ಸಹಿ ಮಾಡುವ ನಮ್ಮ ಹುಡುಗರೂ ಇದನ್ನು ಗಮನಿಸಬೇಕು.

ಜಾತ್ರೆಯಲ್ಲಿ ಬಳೆ, ಬೆಂಡು ಬತ್ತಾಸು, ಆಟಿಕೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎಲ್ಲಕ್ಕೂ ಜಾಗವಿದೆ. ಹಾಡಿಗೂ ಒಂದು ಜಾಗ ಕೊಡಿ. ಹಿಂದೆ ಪದದ ಪುಸ್ತಕ, ಆಮೇಲೆ ಕ್ಯಾಸೆಟ್ಟು ಜಾತ್ರೆಯಲ್ಲೇ ಮಾರಾಟವಾಗುತ್ತಿದ್ದವು, ನಿಮಗೆ ನೆನಪಿದೆ. ವೇದಿಕೆಯ ಪಕ್ಕ ಒಂದು ಮೇಜು, ಒಂದು ಬಲ್ಬು, ಬಾಡಿಗೆಯಿಲ್ಲದೆ. ಅಲ್ಲಿ ಆ ರಾತ್ರಿ ಹಾಡುವ ಮೇಳದವರು ತಮ್ಮ ಪದಗಳ ಪೆನ್‌ಡ್ರೈವ್, ಪದದ ಪುಸ್ತಕ ಇಟ್ಟು ಮಾರಲಿ. ಪುಸ್ತಕದಲ್ಲಿ ಪದದ ಕೆಳಗೊಂದು ಕ್ಯೂಆರ್ ಕೋಡ್ ಹಾಕಿದರೆ ಓದಿದವರು ಅಲ್ಲೇ ಕೇಳಿಯೂ ಬಿಡುತ್ತಾರೆ. ಪದ ಕೇಳಿ ಮನಸ್ಸು ತುಂಬಿದವರು ಕೊಳ್ಳುವುದು ಆ ಗಳಿಗೆಯಲ್ಲೇ. ಮರುದಿನ ಊರಿಗೆ ಹೋದ ಮೇಲೆ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಳ್ಳುತ್ತಾರೆ.

ಆಯೇರಿಯ ಮಾತನ್ನೂ ಹೇಳಲೇಬೇಕು. ಮೊದಲು ನೋಟು ತಂದು ಪೇಟಿಯ ಮೇಲೆ ಇಡುತ್ತಿದ್ದರು, ಹೆಸರು ಹೇಳಿ "101 ರೂಪಾಯಿ ಆಯೇರಿ" ಎಂದು ಮೈಕಿನಲ್ಲಿ ಸಾರುತ್ತಿದ್ದೆವು. ಈಗ ಕಿಸೆಯಲ್ಲಿ ನೋಟಿಲ್ಲ, ಎಲ್ಲರದೂ ಫೋನ್ ಪೇ. ವೇದಿಕೆಗೆ ಅಂಟಿಸಿರುವ ಕ್ಯೂಆರ್ ಕಮಿಟಿಯದು. ಪದಕ್ಕೆ ಮೆಚ್ಚಿ ಕೊಟ್ಟದ್ದೂ ದೇಣಿಗೆಯ ಖಾತೆಗೆ ಹೋಗುತ್ತದೆ. ಕೊಟ್ಟವರು ಹಾಡುವವರಿಗೆ ಕೊಟ್ಟೆವೆಂದೇ ತಿಳಿದಿರುತ್ತಾರೆ. ಪದ ನಡೆಯುವಾಗ ಮೇಳದ ಕ್ಯೂಆರ್ ಅಲ್ಲಿರಲಿ, ಮುಗಿದ ಮೇಲೆ ನಿಮ್ಮದನ್ನು ಹಾಕಿಕೊಳ್ಳಿ.

ಕೊನೆಯದಾಗಿ ಸಮುದಾಯ ಭವನ. ಹಲವು ಊರುಗಳಲ್ಲಿ ಅದು ಮದುವೆ ಇಲ್ಲದ ದಿನ ಬೀಗ ಹಾಕಿಕೊಂಡೇ ಇರುತ್ತದೆ. ಶನಿವಾರ, ಭಾನುವಾರ ಒಂದೆರಡು ತಾಸು ಅದರ ಬೀಗದ ಕೈಯನ್ನು ನಿಮ್ಮೂರಿನ ಪೇಟಿ ಮಾಸ್ತರನಿಗೋ ತಬಲಾ ಮಾಸ್ತರನಿಗೋ ಕೊಡಿ. ಮಕ್ಕಳಿಗೆ ಪಾಠ ಹೇಳುತ್ತಾನೆ, ಪಾಲಕರು ಕೊಟ್ಟಷ್ಟು ಫೀ ತಗೊಳ್ಳುತ್ತಾನೆ, ಬಡವರ ಮಕ್ಕಳಿಗೆ ಪುಕ್ಕಟೆ ಕಲಿಸುತ್ತಾನೆ. ಜಾತ್ರೆಯಿಲ್ಲದ ತಿಂಗಳುಗಳಲ್ಲಿ ನಮ್ಮ ಒಲೆ ಉರಿಯುವುದು ಪಾಠದಿಂದಲೇ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇರುವುದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ, ಅಮೀರಬಾಯಿ ಕರ್ನಾಟಕಿಯವರ ಬೀಳಗಿ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಇಂಥ ಸೀಮೆಯಲ್ಲಿ ಸ್ವರ ಹಿಡಿದು ಹಾಡಲು ಕಲಿಸುವವರಿಗೆ ಕೂರಲು ಒಂದು ಜಮಖಾನೆಯ ಜಾಗವಿಲ್ಲ ಎನ್ನಬಾರದು.

ಇದರ ಪ್ರತಿಯನ್ನು ಮೂರೂ ಜಿಲ್ಲೆಗಳ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗಳಿಗೂ, ಬಾಗಲಕೋಟೆಯಲ್ಲಿರುವ ಕರ್ನಾಟಕ ಬಯಲಾಟ ಅಕಾಡೆಮಿಗೂ ಕಳಿಸುತ್ತಿದ್ದೇನೆ. ಅವರಲ್ಲಿ ನನ್ನ ಪ್ರಾರ್ಥನೆ ಒಂದೇ. ನಾನು ಮೇಲೆ ಹೇಳಿದ ಒಂದು ಪುಟದ ಕರಾರು ಪತ್ರವನ್ನು ವಕೀಲರಿಂದ ಸರಿಯಾಗಿ ಬರೆಸಿ, ದೊಡ್ಡ ಅಕ್ಷರದ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಗ್ರಾಮ ಪಂಚಾಯಿತಿಗೆ ತಲುಪಿಸಬೇಕು. ಖಾಲಿ ಜಾಗ ತುಂಬಿ ಸಹಿ ಹಾಕುವಷ್ಟು ಸುಲಭವಾಗಿದ್ದರೆ ಯಾವ ಕಮಿಟಿಯೂ ಒಲ್ಲೆ ಎನ್ನುವುದಿಲ್ಲ.

ಜಾತ್ರೆಗೆ ಮುಂಚೆ ಪಟ್ಟಿ ಹಾಕಲು ನೀವು ಗುಡಿಯಲ್ಲಿ ಸಭೆ ಸೇರುತ್ತೀರಿ. ಆ ಸಭೆಯಲ್ಲಿ ಈ ಪತ್ರವನ್ನು ಯಾರಿಂದಾದರೂ ಓದಿಸಿ. ನಿಮ್ಮೂರಿನ ಹಾಡುವವರನ್ನೂ ಅಂದು ಕರೆದು ಕೂಡಿಸಿಕೊಳ್ಳಿ, ಅವರಿಗೆ ಹೇಳುವುದಿದ್ದರೆ ಹೇಳಲಿ. ನನ್ನ ಮಾತಿನಲ್ಲಿ ಒಪ್ಪದ್ದು ಇದ್ದರೆ ಕರೆಯಿರಿ, ನಿಮ್ಮೂರಿಗೆ ನಾನೇ ಬಂದು ಕೂತು ಮಾತಾಡುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಪೇಟಿ ಮಾಸ್ತರ
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ